ಕೇಳಿದವರನ್ನೇ ಕೇಳುವ ಗ್ರಂಥ

(ಪ್ರಾಚೀನ ಚೀನಾದ ಶಕುನ, ಸಂಕೇತ ಮತ್ತು ಬದುಕಿನ ಪಾಠ ಕುರಿತ ದತ್ತಿ ಉಪನ್ಯಾಸದ ಪಠ್ಯ)



ಆಮಂತ್ರಣ ಪತ್ರಿಕೆಯಲ್ಲಿ ‘ಶಕುನ’ ಎಂಬ ಮಾತು ಕಂಡು ಯಾರಾದರೂ ಮಗಳ ಮದುವೆಯ ವಿಚಾರವನ್ನೋ ಮಗನ ನೌಕರಿಯ ವಿಚಾರವನ್ನೋ ಕೇಳಲು ಬಂದಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಣಿ ಹೇಳಲು ಬಾರದು. ಕಣಿ ಕೇಳುತ್ತ ಕೇಳುತ್ತಲೇ ಒಂದು ನಾಗರಿಕತೆ ಹೇಗೆ ಯೋಚಿಸಲು ಕಲಿಯಿತು ಎಂಬುದಷ್ಟೇ ಇವತ್ತಿನ ನನ್ನ ವಿಷಯ.

ನಾನು ಹೇಳಬೇಕೆಂದಿರುವುದನ್ನು ಒಂದೇ ಮಾತಿನಲ್ಲಿ ಮುಂದಿಡುತ್ತೇನೆ. ಚೀನಾದಲ್ಲಿ ಶಕುನ ಕೇಳುವ ಪದ್ಧತಿ ‘ಮುಂದೆ ಏನಾಗುತ್ತದೆ?’ ಎಂಬ ಪ್ರಶ್ನೆಯಿಂದ ಹೊರಟಿತು. ಸುಮಾರು ಸಾವಿರ ವರ್ಷಗಳಲ್ಲಿ ಅದು ‘ಇದನ್ನು ಕೇಳುತ್ತಿರುವ ನೀನು ಯಾರು, ಈಗ ಎಲ್ಲಿ ನಿಂತಿದ್ದೀಯೆ?’ ಎಂಬ ಪ್ರಶ್ನೆಗೆ ಬಂದು ಮುಟ್ಟಿತು. ಯೀಜಿಂಗ್ ಎಂಬ ಗ್ರಂಥ ಈ ದಾರಿಯ ಮಧ್ಯದಲ್ಲಿ ಹುಟ್ಟಿದ್ದು. ಐ ಚಿಂಗ್ ಎಂಬ ಹೆಸರಿನಲ್ಲಿ ನಿಮ್ಮಲ್ಲಿ ಹಲವರು ಅದನ್ನು ಕೇಳಿರುತ್ತೀರಿ.

1. ಮೂಳೆಯ ಮೇಲಿನ ಬಿರುಕು

ಹೆನಾನ್ ಪ್ರಾಂತದ ಆನ್ಯಾಂಗ್ ನಗರದ ಬಳಿ ಶಾಂಗ್ ರಾಜವಂಶದ ಕೊನೆಯ ರಾಜಧಾನಿಯ ಅವಶೇಷಗಳಿವೆ. ಕ್ರಿ.ಪೂ. 13ನೇ ಶತಮಾನದಿಂದ 11ನೇ ಶತಮಾನದವರೆಗೆ ಅಲ್ಲಿ ಆಳಿದ ರಾಜರು ಯುದ್ಧ, ಮಳೆ, ಬೆಳೆ, ಬೇಟೆ, ಹಲ್ಲುನೋವು, ಕೆಟ್ಟ ಕನಸು, ಹೀಗೆ ಎಲ್ಲದಕ್ಕೂ ಶಕುನ ನೋಡುತ್ತಿದ್ದರು. ಆಮೆಯ ಹೊಟ್ಟೆಯ ಚಿಪ್ಪು ಅಥವಾ ದನದ ಹೆಗಲ ಮೂಳೆಯನ್ನು ನಯಮಾಡಿ, ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳಿ ಕೊರೆದು, ಅಲ್ಲಿಗೆ ಬಿಸಿ ತಾಗಿಸುತ್ತಿದ್ದರು. ಮುಂಬದಿಯಲ್ಲಿ ಚಟ್ಟನೆ ಬಿರುಕು ಬಿಡುತ್ತಿತ್ತು. ಆ ಬಿರುಕನ್ನು ಓದಿ ಪಿತೃಗಳ ಇಂಗಿತವನ್ನು ತಿಳಿಯುವುದು ರಾಜನ ಕೆಲಸವಾಗಿತ್ತು. ಪ್ರಶ್ನೆ, ರಾಜನ ಓದು, ಕೆಲವೊಮ್ಮೆ ಮುಂದೆ ನಿಜಕ್ಕೂ ಏನಾಯಿತು ಎಂಬುದು, ಇವೆಲ್ಲವನ್ನೂ ಅದೇ ಮೂಳೆಯ ಮೇಲೆ ಕೆತ್ತಿಡುತ್ತಿದ್ದರು.

19ನೇ ಶತಮಾನದ ಹೊತ್ತಿಗೆ ಈ ಮೂಳೆಗಳು ‘ಡ್ರ್ಯಾಗನ್ ಮೂಳೆ’ ಎಂಬ ಹೆಸರಿನಲ್ಲಿ ಔಷಧದ ಅಂಗಡಿಗೆ ಹೋಗಿ ಪುಡಿಯಾಗುತ್ತಿದ್ದವು. 1899ರಲ್ಲಿ ವಾಂಗ್ ಯಿರಾಂಗ್ ಎಂಬ ವಿದ್ವಾಂಸ-ಅಧಿಕಾರಿ ಅವುಗಳ ಮೇಲೆ ಪ್ರಾಚೀನ ಲಿಪಿ ಇರುವುದನ್ನು ಗುರುತಿಸಿದರು. 1928ರಿಂದ ಕ್ರಮಬದ್ಧ ಉತ್ಖನನ ಶುರುವಾಯಿತು. 1936ರಲ್ಲಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು.

ಅವುಗಳಲ್ಲಿ ಪ್ರಸಿದ್ಧವಾದ ಒಂದು ಚಿಪ್ಪನ್ನು ಹತ್ತಿರದಿಂದ ನೋಡೋಣ. ವು ಡಿಂಗ್ ಎಂಬ ರಾಜನಿಗೆ ಫು ಹಾವ್ ಎಂಬ ರಾಣಿ ಇದ್ದಳು. ಸೇನೆಯನ್ನು ಮುನ್ನಡೆಸಿದ ಹೆಣ್ಣು ಆಕೆ. ಅವಳ ಸಮಾಧಿ 1976ರಲ್ಲಿ ಸಿಕ್ಕಾಗ ಕಳ್ಳರ ಕೈ ಅದಕ್ಕೆ ತಾಗಿರಲಿಲ್ಲ. ಒಳಗೆ 400ಕ್ಕೂ ಹೆಚ್ಚು ಕಂಚಿನ ವಸ್ತುಗಳಿದ್ದವು. ಈ ರಾಣಿ ಬಸುರಿಯಾದಾಗ ಕೇಳಿದ ಶಕುನ ಆ ಚಿಪ್ಪಿನ ಮೇಲಿದೆ. ಒಂದು ಬದಿಯಲ್ಲಿ ‘ಹೆರಿಗೆ ಶುಭವಾಗುತ್ತದೆ’ ಎಂಬ ಹೇಳಿಕೆ, ಇನ್ನೊಂದು ಬದಿಯಲ್ಲಿ ‘ಶುಭವಾಗುವುದಿಲ್ಲ’ ಎಂಬ ಹೇಳಿಕೆ. ಎರಡನ್ನೂ ಪಿತೃಗಳ ಮುಂದಿಡುವುದು ಆಗಿನ ಕ್ರಮ. ರಾಜ ಬಿರುಕು ಓದಿ, ‘ಡಿಂಗ್’ ದಿನ ಹೆತ್ತರೆ ಒಳ್ಳೆಯದು, ‘ಗೆಂಗ್’ ದಿನವಾದರೆ ಇನ್ನೂ ಒಳ್ಳೆಯದು ಎಂದ. ಹತ್ತು ದಿನಗಳ ಅವರ ವಾರದಲ್ಲಿ ಇವೆರಡು ದಿನಗಳ ಹೆಸರು. ಕೆಳಗೆ ಫಲಿತಾಂಶವೂ ಇದೆ: 31ನೇ ದಿನ, ‘ಜಿಯಾಯಿನ್’ ಎಂಬ ದಿನ ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣು.

ಹೆಣ್ಣು ಹುಟ್ಟಿದ್ದೇ ಅಶುಭ ಎಂದು ಬರೆದದ್ದು ನಮ್ಮನ್ನು ಚುಚ್ಚುತ್ತದೆ, ಚುಚ್ಚಬೇಕು ಕೂಡ. ಅದೂ ಸೇನಾಪತಿಯಾಗಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗು! ನಾನು ನಿಮ್ಮ ಗಮನ ಸೆಳೆಯಬೇಕಾದದ್ದು ಇನ್ನೊಂದು ಸಂಗತಿಗೆ. ಇಲ್ಲಿ ಪ್ರಶ್ನೆ ಪೂರ್ತಿ ಹೊರಗಿನದು. ಯಾವ ದಿನ, ಏನು, ಆಗುತ್ತದೋ ಇಲ್ಲವೋ. ಕೇಳುವ ರಾಜನ ನಡತೆಗೂ ಬರುವ ಉತ್ತರಕ್ಕೂ ಸಂಬಂಧವನ್ನು ಯಾರೂ ಹುಡುಕುವುದಿಲ್ಲ.

2. ನಲವತ್ತೊಂಬತ್ತು ಕಡ್ಡಿ

ಶಾಂಗ್ ವಂಶವನ್ನು ಸೋಲಿಸಿ ಜೌ ವಂಶ ಅಧಿಕಾರಕ್ಕೆ ಬಂದಿತು. ಆ ಕಾಲದಲ್ಲಿ ಆಮೆಯ ಚಿಪ್ಪಿನ ಜೊತೆಗೆ ಕಡ್ಡಿಯ ಶಕುನವೂ ಬೆಳೆಯಿತು. ಯೀಜಿಂಗಿನ ತಿರುಳು ರೂಪುಗೊಂಡದ್ದು ಇದರಿಂದಲೇ. ಫುಶಿ ಎಂಬ ಪುರಾಣಪುರುಷ ಗೆರೆಗಳನ್ನು ಕಂಡ, ಸೆರೆಯಲ್ಲಿದ್ದ ಜೌ ವಂಶದ ವೆನ್ ರಾಜ ಅವುಗಳಿಗೆ ಮಾತು ಬರೆದ, ಕನ್‌ಫ್ಯೂಶಿಯಸ್ ಭಾಷ್ಯ ಬರೆದ ಎಂಬುದು ಪರಂಪರೆಯ ನಂಬಿಕೆ. ಮೂಲಪಾಠ ಕ್ರಿ.ಪೂ. 9ನೇ ಶತಮಾನದ ಸುಮಾರಿನದು, ‘ಹತ್ತು ರೆಕ್ಕೆಗಳು’ ಎಂಬ ಭಾಷ್ಯ ಕನ್‌ಫ್ಯೂಶಿಯಸ್ ಕಾಲವಾದ ಮೇಲೆ ಹಲವರ ಕೈಯಲ್ಲಿ ಬೆಳೆದದ್ದು ಎಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ.

ಗ್ರಂಥದ ಕಟ್ಟು ಸರಳ. ಇಡೀ ಗೆರೆ ಯಾಂಗ್, ನಡುವೆ ತುಂಡಾದ ಗೆರೆ ಯಿನ್. ಮೂರು ಗೆರೆ ಸೇರಿದರೆ ಆಕಾಶ, ಭೂಮಿ, ಗುಡುಗು, ನೀರು, ಬೆಟ್ಟ, ಗಾಳಿ, ಬೆಂಕಿ, ಸರೋವರ ಎಂಬ ಎಂಟು ಮೂಲಚಿತ್ರಗಳು. ಅವುಗಳನ್ನು ಒಂದರ ಮೇಲೊಂದು ಇಟ್ಟರೆ ಆರು ಗೆರೆಗಳ 64 ಚಿತ್ರಗಳು. ಇಂಥ ಚಿತ್ರಕ್ಕೆ ‘ಗುವಾ’ ಎನ್ನುತ್ತಾರೆ. ಪ್ರತಿ ಗುವಾಕ್ಕೆ ಒಂದು ಹೇಳಿಕೆ. ಅದರ ಪ್ರತಿ ಗೆರೆಗೂ ಒಂದೊಂದು. ಒಟ್ಟು 384 ಗೆರೆಗಳ ಮಾತು.

ಶಕುನ ಕೇಳುವ ಕ್ರಮದಲ್ಲಿ ಮಾತ್ರ ಆತುರಕ್ಕೆ ಜಾಗವಿಲ್ಲ. ಶಿ ಎಂಬುದು ಸೇವಂತಿಗೆಯ ಕುಟುಂಬಕ್ಕೆ ಸೇರಿದ ಗಿಡ. ಅದರ 50 ಒಣಕಡ್ಡಿಗಳಲ್ಲಿ ಒಂದನ್ನು ಪಕ್ಕಕ್ಕಿಡಬೇಕು. ಉಳಿದ 49ನ್ನು ಎಣಿಸದೆ ಎರಡು ಪಾಲು ಮಾಡಬೇಕು. ಬಲಪಾಲಿನಿಂದ ಒಂದು ಕಡ್ಡಿ ತೆಗೆದು ಎಡಗೈಯ ಕಿರುಬೆರಳ ಸಂದಿಗೆ ಸಿಕ್ಕಿಸಿಕೊಳ್ಳಬೇಕು. ಆಮೇಲೆ ಎರಡೂ ಪಾಲನ್ನು ನಾಲ್ಕು ನಾಲ್ಕಾಗಿ ಎಣಿಸಿ, ಉಳಿಕೆಯನ್ನು ಬೆರಳ ಸಂದಿಯಲ್ಲಿ ಹಿಡಿಯಬೇಕು. ಹಿಡಿದ ಕಡ್ಡಿಗಳನ್ನು ಬದಿಗಿಟ್ಟು, ಮಿಕ್ಕವುಗಳಿಂದ ಇದನ್ನೇ ಮತ್ತೆರಡು ಸಲ ಮಾಡಬೇಕು. ಕೊನೆಗೆ ಉಳಿದ ಕಡ್ಡಿಗಳನ್ನು ನಾಲ್ಕರಿಂದ ಭಾಗಿಸಿದರೆ 6, 7, 8, 9 ಇವುಗಳಲ್ಲೊಂದು ಬರುತ್ತದೆ. ಅಷ್ಟಾದರೆ ಒಂದು ಗೆರೆ, ಅದೂ ಎಲ್ಲಕ್ಕಿಂತ ಕೆಳಗಿನದು. ಆರು ಗೆರೆಗೆ 18 ಸುತ್ತು. 7 ಮತ್ತು 8 ಸ್ಥಿರ ಗೆರೆಗಳು. 9 ಮಾಗಿದ ಯಾಂಗ್, ಅದು ಯಿನ್ ಆಗಿ ತಿರುಗುತ್ತದೆ; 6 ಮಾಗಿದ ಯಿನ್, ಅದು ಯಾಂಗ್ ಆಗುತ್ತದೆ. ಹೀಗೆ ಒಂದು ಗುವಾ ಕಣ್ಣೆದುರೇ ಇನ್ನೊಂದಾಗುತ್ತದೆ.

ಗಣಿತದವರಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಕಡ್ಡಿಯ ಕ್ರಮದಲ್ಲಿ 9 ಬೀಳುವ ಸಂಭವ ಹದಿನಾರರಲ್ಲಿ ಮೂರು, 6 ಬೀಳುವ ಸಂಭವ ಹದಿನಾರರಲ್ಲಿ ಒಂದೇ. ಮುಂದೆ ಬಂದ ಮೂರು ನಾಣ್ಯದ ಕ್ರಮದಲ್ಲಿ ಎರಡೂ ಸಮ, ತಲಾ ಎಂಟರಲ್ಲಿ ಒಂದು. ಕೆಲಸ ಬೇಗ ಆಯಿತು, ಕಡ್ಡಿಯ ಲೆಕ್ಕದಲ್ಲಿದ್ದ ಆ ಓರೆ ಹೋಯಿತು. ಜೊತೆಗೆ ಇನ್ನೊಂದೂ ಹೋಯಿತು: ಕಡ್ಡಿ ಎಣಿಸುವಷ್ಟು ಹೊತ್ತು ತನ್ನ ಪ್ರಶ್ನೆಯೊಂದಿಗೆ ಸುಮ್ಮನೆ ಕೂರಬೇಕಾಗಿದ್ದ ಅನಿವಾರ್ಯತೆ. ಆತುರಪಡುವವರಿಗೆ ಗ್ರಂಥದ ಮಾತು ನಾಲ್ಕನೇ ಗುವಾದಲ್ಲಿದೆ; ಅದು ಎಳಸು ಬುದ್ಧಿಯ ಗುವಾ. ಅಲ್ಲಿ ಗ್ರಂಥ ಕಟ್ಟುನಿಟ್ಟಿನ ಮೇಷ್ಟರ ಹಾಗೆ ಮಾತಾಡುತ್ತದೆ. ಮೊದಲ ಸಲ ಕೇಳಿದವನಿಗೆ ಉತ್ತರವುಂಟು. ಬೇಕಾದ ಉತ್ತರ ಬರುವ ತನಕ ಮತ್ತೆ ಮತ್ತೆ ಕೇಳುವವನಿಗೆ ಇಲ್ಲ.

3. ಬಾವಿ, ಡ್ರ್ಯಾಗನ್, ಮೇಲುಕೆಳಗಾದ ಆಕಾಶ

ಈ ಸಂಕೇತಗಳು ಕೆಲಸ ಮಾಡುವ ಬಗೆಯನ್ನು ತೋರಿಸಲು ನಾನು 48ನೇ ಗುವಾವನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಬಾವಿ. ಕೆಳಗೆ ಗಾಳಿಯ ಚಿತ್ರ, ಅದಕ್ಕೆ ಮರವೆಂಬ ಅರ್ಥವೂ ಇದೆ; ಮೇಲೆ ನೀರಿನ ಚಿತ್ರ. ಊರು ಬೇಕಾದರೆ ಜಾಗ ಬದಲಿಸೀತು, ಬಾವಿ ಬದಲಿಸದು ಎಂಬುದು ಅದರ ಮೊದಲ ಮಾತಿನ ಭಾವ. ಹಗ್ಗ ಇನ್ನೇನು ನೀರಿಗೆ ಮುಟ್ಟಬೇಕು, ಅಷ್ಟರಲ್ಲಿ ಕೊಡ ಒಡೆದರೆ ಅಶುಭ. ಆಮೇಲೆ ಆರು ಗೆರೆಗಳು ತಳದಿಂದ ಮೇಲಕ್ಕೆ ಹತ್ತುತ್ತವೆ. ತಳದಲ್ಲಿ ಬರೀ ಕೆಸರು, ಹಕ್ಕಿಯೂ ಬಾರದ ಹಳೆಯ ಬಾವಿ. ಎರಡನೆಯದರಲ್ಲಿ ಸಣ್ಣ ಮೀನು ಓಡಾಡುವಷ್ಟು ನೀರು, ಆದರೆ ಕೊಡ ಸೋರುತ್ತದೆ. ಮೂರನೆಯದರಲ್ಲಿ ಬಾವಿಯ ಹೂಳೆತ್ತಿ ಶುದ್ಧ ಮಾಡಿಯಾಗಿದೆ, ಕುಡಿಯುವವರಿಲ್ಲ. ನಾಲ್ಕನೆಯದರಲ್ಲಿ ಬಾವಿಗೆ ಒಳಗಟ್ಟು ಕಟ್ಟುತ್ತಿದ್ದಾರೆ. ಈಗ ನೀರಿಲ್ಲ, ತಪ್ಪೂ ಇಲ್ಲ. ಐದನೆಯದರಲ್ಲಿ ತಣ್ಣನೆಯ ಸೆಲೆ, ಜನ ಕುಡಿಯುತ್ತಿದ್ದಾರೆ. ಆರನೆಯದು ಎಲ್ಲರೂ ಸೇದುವ ಬಾವಿ, ಅದರ ಬಾಯಿ ಮುಚ್ಚಬೇಡಿ.

ಇದರಲ್ಲಿ ಭವಿಷ್ಯ ಎಲ್ಲಿದೆ? ಹುಡುಕಿದರೂ ಸಿಗದು. ಒಂದೇ ಬಾವಿಯ ಆರು ಸ್ಥಿತಿಗಳಿವೆ, ಅಷ್ಟೆ. ಯಾವ ಗೆರೆ ಬಿತ್ತೋ ಆ ಸ್ಥಿತಿಗೆ ತನ್ನ ಬದುಕನ್ನು ಹೊಂದಿಸಿ ನೋಡುವ ಹೊಣೆ ಕೇಳಿದವನದು. ನನ್ನಲ್ಲಿ ನೀರಿಲ್ಲವೋ, ಕೊಡ ಸೋರುತ್ತಿದೆಯೋ, ಸೇದುವವರು ಬರುತ್ತಿಲ್ಲವೋ? ಮೂರೂ ಬೇರೆ ಬೇರೆ ಕಷ್ಟಗಳು, ಅವುಗಳಿಗೆ ಪರಿಹಾರವೂ ಬೇರೆ. ಇತಿಹಾಸಕಾರ ಸಿಮಾ ಚಿಯನ್ ಕವಿ ಚ್ಯೂ ಯುವಾನ್‌ನ ಜೀವನಚರಿತ್ರೆ ಬರೆಯುವಾಗ ಈ ಮೂರನೆಯ ಗೆರೆಯನ್ನೇ ನೆನೆಯುತ್ತಾನೆ. ಮಂತ್ರಿಯಾಗಿ ನಿಷ್ಠೆಯಿಂದ ಸಲಹೆ ಕೊಟ್ಟ ಈ ಕವಿಯನ್ನು ಚೂ ರಾಜ್ಯದ ದೊರೆ ದೂರವಿಟ್ಟ. ಕವಿ ಕೊನೆಗೆ ನದಿಗೆ ಹಾರಿ ಸತ್ತ. ಅಲ್ಲಿ ಶಕುನ ಕೇಳಿದವರು ಯಾರೂ ಇಲ್ಲ. ಗೆರೆಯ ಚಿತ್ರ ಆಗಲೇ ಶಕುನದ ಮನೆ ಬಿಟ್ಟು ನೀತಿಯ, ಸಾಹಿತ್ಯದ ಮಾತಾಗಿ ಓಡಾಡುತ್ತಿತ್ತು.

ಮೊದಲನೇ ಗುವಾದಲ್ಲಿ ಆರೂ ಗೆರೆ ಯಾಂಗ್. ಅಲ್ಲಿ ಬರುವುದು ಡ್ರ್ಯಾಗನ್. ಚೀನಾದ ಡ್ರ್ಯಾಗನ್ ಬೆಂಕಿ ಉಗುಳುವ ರಾಕ್ಷಸನಲ್ಲ. ನೀರಿನ, ಮಳೆಯ, ಶಕ್ತಿಯ ಪ್ರಾಣಿ. ಮೊದಲ ಗೆರೆಯಲ್ಲಿ ಅದು ಅಡಗಿದೆ, ಸುಮ್ಮನಿರು ಎನ್ನುತ್ತದೆ. ಎರಡನೆಯದರಲ್ಲಿ ಹೊಲದಲ್ಲಿ ಕಾಣಿಸಿಕೊಳ್ಳುತ್ತದೆ. ಐದನೆಯದರಲ್ಲಿ ಆಕಾಶದಲ್ಲಿ ಹಾರುತ್ತದೆ. ಆರನೆಯದರಲ್ಲಿ ಮಿತಿ ಮೀರಿ ಏರಿದ ಡ್ರ್ಯಾಗನ್‌ಗೆ ಪಶ್ಚಾತ್ತಾಪ ಕಾದಿದೆ. ಡ್ರ್ಯಾಗನ್ ಒಂದೇ, ಶಕ್ತಿಯೂ ಒಂದೇ. ಮೊದಲ ಮೆಟ್ಟಿಲಲ್ಲಿ ವಿವೇಕವೆನಿಸಿದ್ದು ಐದನೆಯದರಲ್ಲಿ ಹೇಡಿತನ, ಐದನೆಯದರಲ್ಲಿ ಸಾಧನೆಯಾದದ್ದು ಆರನೆಯದರಲ್ಲಿ ದುರಹಂಕಾರ. ವೆನ್ ಯಿಡುವೊ ಎಂಬ ಆಧುನಿಕ ಕವಿ-ವಿದ್ವಾಂಸ ಈ ಡ್ರ್ಯಾಗನ್‌ನಲ್ಲಿ ನಕ್ಷತ್ರಪುಂಜವನ್ನು ಕಂಡ. ಋತುವಿನೊಂದಿಗೆ ದಿಗಂತದಿಂದ ಮೇಲೇರಿ ಮತ್ತೆ ಇಳಿಯುವ ಪುಂಜ ಅದು. ಆ ಓದು ಸರಿಯಾದರೆ, ಕಾಲ ನೋಡಿ ನಡೆಯುವ ಪಾಠಕ್ಕೆ ಮೊದಲ ಪುಸ್ತಕ ರಾತ್ರಿಯ ಆಕಾಶವೇ.

ಇನ್ನೊಂದು ಜೋಡಿಯನ್ನು ನೋಡಿ. 11ನೇ ಗುವಾದಲ್ಲಿ ಭೂಮಿ ಮೇಲೆ, ಆಕಾಶ ಕೆಳಗೆ. ಲೋಕವೇ ತಲೆಕೆಳಗಾದಂತೆ ಕಾಣುತ್ತದೆ, ಅದರ ಹೆಸರು ಮಾತ್ರ ನೆಮ್ಮದಿ. 12ನೆಯದರಲ್ಲಿ ಆಕಾಶ ತನ್ನ ಜಾಗದಲ್ಲಿ ಮೇಲೆ, ಭೂಮಿ ಕೆಳಗೆ. ಎಲ್ಲ ಸರಿಯಿದೆ ಎನ್ನಿಸುತ್ತದೆ, ಹೆಸರು ಸ್ಥಗಿತ. ಭಾಷ್ಯಕಾರರ ವಿವರಣೆ ಸೊಗಸಾಗಿದೆ. ಆಕಾಶದ ಸ್ವಭಾವ ಏರುವುದು, ಭೂಮಿಯದು ಇಳಿಯುವುದು. ಆಕಾಶ ಕೆಳಗಿದ್ದರೆ ಎರಡೂ ಒಂದನ್ನೊಂದು ಸಂಧಿಸುತ್ತವೆ. ಮೇಲಿದ್ದರೆ ದೂರ ದೂರ ಸರಿಯುತ್ತವೆ. ಆಳುವವರು ಜನರಿಂದ ಮೇಲೆ ಮೇಲೆ ಹೋಗುತ್ತಿರುವಾಗ ಹೊರಗಿನಿಂದ ನೋಡಿದವರಿಗೆ ರಾಜ್ಯ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿರುತ್ತಾರೆ, ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ.

4. ಬಿಡುಗಡೆಯ ಶಕುನವನ್ನು ಒಪ್ಪದ ಹೆಂಗಸು

ಈಗ ಈ ಉಪನ್ಯಾಸದ ನಡುಮನೆಗೆ ಬಂದೆವು. ‘ಜುವೊ ಜುವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥದಲ್ಲಿ ಮು ಜಿಯಾಂಗ್ ಎಂಬ ರಾಜಮಾತೆಯ ಕಥೆ ಬರುತ್ತದೆ. ಕನ್‌ಫ್ಯೂಶಿಯಸ್ ಹುಟ್ಟಿದ ಲೂ ರಾಜ್ಯಕ್ಕೆ ರಾಜಮಾತೆ ಆಕೆ. ತನ್ನ ಪ್ರಿಯಕರನೊಂದಿಗೆ ಸೇರಿ ರಾಜ್ಯದ ಪ್ರಬಲ ಮನೆತನಗಳನ್ನು ಉರುಳಿಸಲು ಒಳಸಂಚು ಮಾಡಿದಳು, ಸೋತಳು, ಪೂರ್ವದ ಅರಮನೆಯಲ್ಲಿ ಬಂದಿಯಾದಳು. ಅಲ್ಲಿಗೆ ಹೋದಾಗ ಕಡ್ಡಿಯ ಶಕುನ ಕೇಳಿಸಿದಳು. ಫಲ ‘ಅನುಸರಣೆ’ ಎಂಬ 17ನೇ ಗುವಾದತ್ತ ತಿರುಗಿತು. ಶಕುನಿಗ ಸಂತೋಷದಿಂದ, ಇದು ಹೊರಗೆ ಹೋಗುವ ಸೂಚನೆ, ತಾವು ಬೇಗ ಹೊರಬೀಳುತ್ತೀರಿ ಎಂದ.

ಅವಳು ಒಪ್ಪಲಿಲ್ಲ. ಗ್ರಂಥದ ಮಾತುಗಳನ್ನು ತಾನೇ ಒಂದೊಂದಾಗಿ ಬಿಡಿಸಿದಳು. ಈ ಗುವಾ ದೋಷವಿಲ್ಲ ಎನ್ನುವುದು ನಾಲ್ಕು ಗುಣಗಳಿದ್ದವರಿಗೆ. ನಾನು ರಾಜ್ಯದಲ್ಲಿ ದಂಗೆ ಎಬ್ಬಿಸಿದೆ, ನಾಡಿನ ನೆಮ್ಮದಿ ಕೆಡಿಸಿದೆ, ನನಗೂ ಹಾನಿ ತಂದುಕೊಂಡೆ, ನನ್ನ ಸ್ಥಾನದ ಘನತೆಯನ್ನೂ ಬಿಟ್ಟೆ. ನಾಲ್ಕರಲ್ಲಿ ಒಂದೂ ನನ್ನಲ್ಲಿಲ್ಲ. ಅಂದ ಮೇಲೆ ಈ ಶುಭ ನನ್ನದು ಹೇಗಾದೀತು? ನಾನು ಇಲ್ಲೇ ಸಾಯುತ್ತೇನೆ, ಹೊರಗೆ ಹೋಗುವುದಿಲ್ಲ. ಅವಳ ವಾದದ ಸಾರ ಇದು. ಕ್ರಿ.ಪೂ. 564ರಲ್ಲಿ ಆಕೆ ಅಲ್ಲೇ ತೀರಿಕೊಂಡಳು.

ಈ ಮಾತುಗಳನ್ನು ಅವಳೇ ಆಡಿದಳೋ, ಮುಂದೆ ಇತಿಹಾಸ ಬರೆದವರು ಅವಳ ಬಾಯಲ್ಲಿ ಆಡಿಸಿದರೋ ಎಂಬ ಚರ್ಚೆಗೆ ಅವಕಾಶವಿದೆ. ಯಾರು ಆಡಿದ್ದರೂ, ಫು ಹಾವ್‌ಳ ಚಿಪ್ಪಿನಿಂದ ನಾವು ಬಹುದೂರ ಬಂದಿದ್ದೇವೆ. ಅಲ್ಲಿ ಬಿರುಕು ಲೋಕದ ಬಗ್ಗೆ ಹೇಳುತ್ತಿತ್ತು. ಇಲ್ಲಿ ಗೆರೆ ಕೇಳಿದವಳನ್ನು ತೂಗುತ್ತಿದೆ. ‘ಶುಭ’ ಎಂಬ ತೀರ್ಪು ಷರತ್ತಿನದು. ಷರತ್ತು ಅವಳ ನಡತೆ.

ಅದೇ ರಾಜ್ಯದಲ್ಲಿ ಕ್ರಿ.ಪೂ. 530ರಲ್ಲಿ ನಾನ್ ಕುವಾಯ್ ಎಂಬ ಅಧಿಕಾರಿ ತನ್ನ ಒಡೆಯನ ವಿರುದ್ಧ ದಂಗೆಗೆ ಸಿದ್ಧನಾಗಿ ಶಕುನ ನೋಡಿದ. ಭೂಮಿಯ ಗುವಾದ ಐದನೇ ಗೆರೆ ಬಿತ್ತು. ಅದರಲ್ಲಿ ಹಳದಿ ಬಣ್ಣದ ಕೆಳಉಡುಪಿನ ಚಿತ್ರವೂ ಮಹಾಶುಭ ಎಂಬ ಮಾತೂ ಇವೆ. ಹಿಗ್ಗಿ ಹೀರೆಕಾಯಿಯಾದ ಅವನು, ಏನು ಮಾಡಲಿದ್ದೇನೆಂದು ಹೇಳದೆ ಜಿಫು ಹುಯಿಬೊ ಎಂಬ ತಿಳಿದವನಿಗೆ ಅದನ್ನು ತೋರಿಸಿದ. ಹುಯಿಬೊ ಉತ್ತರ ಖಡಕ್ಕಾಗಿತ್ತು. ಹಳದಿ ನಡುವಿನ ಬಣ್ಣ, ನಿಷ್ಠೆಯದು. ಕೆಳಉಡುಪು ಕೆಳಗಿನವನ ವಿನಯದ್ದು. ನಿಷ್ಠೆಯ ಕೆಲಸವಾದರೆ ಸರಿ, ಇಲ್ಲವಾದರೆ ಸೋಲು ಖಂಡಿತ. ಅಪಾಯದ ಕುಟಿಲ ಕೆಲಸಕ್ಕೆ ಈ ಗ್ರಂಥ ಒದಗುವುದಿಲ್ಲ ಎಂದ. ದಂಗೆ ಮುರಿದುಬಿತ್ತು, ನಾನ್ ಕುವಾಯ್ ಪಕ್ಕದ ಚೀ ರಾಜ್ಯಕ್ಕೆ ಓಡಿಹೋದ. ಸಂಕೇತವನ್ನು ಓದುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಬ್ಬ ಕೊನೆಯ ಎರಡು ಪದ ಓದಿದ, ಇನ್ನೊಬ್ಬ ಚಿತ್ರವನ್ನು ಓದಿದ.

5. ಒಳಗಿನಿಂದಲೇ ಎದ್ದ ಅನುಮಾನ

ಇಷ್ಟು ಕೇಳಿದ ಮೇಲೂ, ಇದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಲ್ಲವೇ, ಯಾವ ಕಡ್ಡಿ ಬಿದ್ದರೂ ಏನೋ ಒಂದು ಅರ್ಥ ಕಟ್ಟಬಹುದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚೀನಾದವರೇ ಅದನ್ನು ನಮಗಿಂತ ಮೊದಲು, ನಮಗಿಂತ ಕಟುವಾಗಿ ಕೇಳಿದ್ದಾರೆ.

ಕ್ರಿ.ಪೂ. 701ರಲ್ಲಿ ಚೂ ರಾಜ್ಯದ ದೌ ಲಿಯನ್ ಎಂಬ ಅಧಿಕಾರಿ, ಸಂದೇಹವಿದ್ದರೆ ಶಕುನ, ಸಂದೇಹವೇ ಇಲ್ಲದಿದ್ದರೆ ಶಕುನವೇಕೆ ಎಂದು ಕೇಳಿದ; ಚೂ ಸೇನೆ ಯುದ್ಧಕ್ಕೆ ಹೊರಟು ಗೆದ್ದಿತು. ಕ್ರಿ.ಶ. ಮೊದಲ ಶತಮಾನದ ವಿಚಾರವಾದಿ ವಾಂಗ್ ಚೊಂಗ್ ಇನ್ನೊಂದು ಕಥೆ ಹೇಳುತ್ತಾನೆ. ಜೌ ವಂಶದ ವು ರಾಜ ಶಾಂಗ್ ಮೇಲೆ ದಂಡೆತ್ತಿ ಹೋಗುವಾಗ ಶಕುನ ಕೆಟ್ಟಿತಂತೆ. ಅವನ ಸಲಹೆಗಾರ ಕಡ್ಡಿಗಳನ್ನು ತಳ್ಳಿ, ಆಮೆಯ ಚಿಪ್ಪನ್ನು ತುಳಿದು, ಒಣ ಮೂಳೆಗೂ ಸತ್ತ ಹುಲ್ಲಿಗೂ ಏನು ತಿಳಿದೀತು ಎಂದನಂತೆ. ಕ್ರಿ.ಪೂ. ಮೂರನೇ ಶತಮಾನದ ತತ್ವಜ್ಞ ಶುನ್‌ಜಿಯ ವಾದ ಇನ್ನೂ ಸೂಕ್ಷ್ಮವಾದದ್ದು. ಮಳೆಗೆ ಪೂಜೆ ಮಾಡಿದಾಗ ಮಳೆ ಬಂದರೆ, ಪೂಜೆ ಮಾಡದೆ ಬಂದ ಮಳೆಯ ಹಾಗೆಯೇ ಅದು. ಶಕುನ ನೋಡಿ ದೊಡ್ಡ ಕೆಲಸಗಳನ್ನು ನಿರ್ಧರಿಸುವುದು ಬೇಡಿದ್ದು ಸಿಗುತ್ತದೆಂದಲ್ಲ, ನಿರ್ಧಾರಕ್ಕೊಂದು ಘನತೆ ಬರಲೆಂದು. ತಿಳಿದವರು ಅದನ್ನು ಸಂಸ್ಕೃತಿ ಎನ್ನುತ್ತಾರೆ, ಜನ ದೈವ ಎನ್ನುತ್ತಾರೆ. ಯೀಜಿಂಗನ್ನು ಬಲ್ಲವನಿಗೆ ಶಕುನ ಬೇಕಿಲ್ಲ ಎಂಬ ಮಾತೂ ಅವನ ಹೆಸರಿನ ಗ್ರಂಥದಲ್ಲೇ ಇದೆ.

‘ಶೂಜಿಂಗ್’ ಎಂಬ ಪ್ರಾಚೀನ ಗ್ರಂಥದ ಒಂದು ಅಧ್ಯಾಯ ದೊರೆಗೆ ಕ್ರಮ ಹೇಳಿಕೊಡುತ್ತದೆ. ದೊಡ್ಡ ಸಂದೇಹ ಬಂದರೆ ಮೊದಲು ನಿನ್ನ ಮನಸ್ಸನ್ನು ಕೇಳು, ಆಮೇಲೆ ಮಂತ್ರಿಗಳನ್ನು, ಆಮೇಲೆ ಪ್ರಜೆಗಳನ್ನು, ಕೊನೆಗೆ ಆಮೆಯನ್ನೂ ಕಡ್ಡಿಯನ್ನೂ ಕೇಳು. ಶಕುನದ ತೂಕ ಅಲ್ಲಿ ಕಡಿಮೆಯೇನಲ್ಲ. ಆದರೆ ಸರದಿಯಲ್ಲಿ ಅದು ಕೊನೆಯದು. ತಾನು ಯೋಚಿಸದೆ, ನಾಲ್ಕು ಜನರನ್ನು ಕೇಳದೆ ನೇರ ಕಡ್ಡಿ ಎಣಿಸಲು ಕೂತವನಿಗೆ ಈ ಕ್ರಮದಲ್ಲಿ ಜಾಗವಿಲ್ಲ.

ಭಾಷ್ಯಕಾರರಲ್ಲೂ ಎರಡು ಪಂಗಡ. ಇಪ್ಪತ್ತಮೂರರ ಹರೆಯದಲ್ಲಿ, ಕ್ರಿ.ಶ. 249ರಲ್ಲಿ ತೀರಿಕೊಂಡ ವಾಂಗ್ ಬಿ, ಅರ್ಥ ಕೈಗೆ ಸಿಕ್ಕಮೇಲೆ ಚಿತ್ರವನ್ನು ಬಿಟ್ಟುಬಿಡಬೇಕು ಎಂದು ವಾದಿಸಿದ. 12ನೇ ಶತಮಾನದ ಜೂ ಶಿ, ಇದು ಮೂಲತಃ ಶಕುನದ ಪುಸ್ತಕ, ಅದನ್ನು ಮರೆತು ಬರೀ ತತ್ವ ಹಿಂಡಬೇಡಿ ಎಂದು ಎಚ್ಚರಿಸಿದ. ಕಡ್ಡಿ ಎಣಿಸುವ ಕ್ರಮವನ್ನು ಇಂದಿಗೂ ನಡೆಯುವ ರೂಪದಲ್ಲಿ ಜೋಡಿಸಿಕೊಟ್ಟವನೂ ಅವನೇ.

ಗ್ರಂಥದ ಪಶ್ಚಿಮಯಾತ್ರೆ ಗೊತ್ತಿರುವ ಕಥೆ, ಬೇಗ ಮುಗಿಸುತ್ತೇನೆ. ಜರ್ಮನಿಯ ಗಣಿತಜ್ಞ ಲೈಬ್ನಿಜ್ ತಾನು ಮೊದಲೇ ರೂಪಿಸಿದ್ದ ದ್ವಿಮಾನ ಗಣಿತವನ್ನು ಈ 64 ಚಿತ್ರಗಳಲ್ಲಿ ಕಂಡು ಬೆರಗಾಗಿ 1703ರಲ್ಲಿ ಬರೆದ. ಇದರಿಂದ ಚೀನಾದವರು ಕಂಪ್ಯೂಟರ್ ಕಂಡುಹಿಡಿದರು ಎಂದು ಹೇಳುವವರಿದ್ದಾರೆ, ನಂಬಬೇಡಿ. ಈ ಗೆರೆಗಳಿಂದ ಅವರು ಕೂಡಿಸಿ ಕಳೆದದ್ದಿಲ್ಲ. ರಿಚರ್ಡ್ ವಿಲ್ಹೆಲ್ಮ್ 1924ರಲ್ಲಿ ಜರ್ಮನ್ ಅನುವಾದ ಪ್ರಕಟಿಸಿದರು. 1950ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ಮನಶ್ಶಾಸ್ತ್ರಜ್ಞ ಯುಂಗ್ ಮುನ್ನುಡಿ ಬರೆದರು. ಅಲ್ಲಿಂದ ಅದು ಲೋಕಪ್ರಿಯವಾಯಿತು.

6. ಮುಗಿಯದಿರುವಿಕೆಯ ಪಾಠ

ಈಗ ಬಳಕೆಯಲ್ಲಿರುವ ಅನುಕ್ರಮದಲ್ಲಿ 63ನೇ ಗುವಾ ‘ದಾಟಿಯಾಯಿತು’, 64ನೆಯದು ‘ಇನ್ನೂ ದಾಟಿಲ್ಲ’. 63ರಲ್ಲಿ ಆರೂ ಗೆರೆಗಳು ತಮಗೆ ತಕ್ಕ ಸ್ಥಾನದಲ್ಲಿವೆ: ಬೆಸಸ್ಥಾನದಲ್ಲಿ ಯಾಂಗ್, ಸಮಸ್ಥಾನದಲ್ಲಿ ಯಿನ್. ಇಂಥ ಪರಿಪೂರ್ಣ ಚಿತ್ರಕ್ಕೆ ಗ್ರಂಥದ ಎಚ್ಚರಿಕೆ: ಆರಂಭ ಶುಭ, ಕೊನೆಗೆ ಗೊಂದಲ. 64ರಲ್ಲಿ ಒಂದು ಗೆರೆಯೂ ತನ್ನ ಜಾಗದಲ್ಲಿಲ್ಲ. ನದಿ ದಾಟುತ್ತಿರುವ ಮರಿ ನರಿ ದಡ ಸೇರುವ ಹೊತ್ತಿಗೆ ಬಾಲ ನೆನೆಸಿಕೊಳ್ಳುತ್ತದೆ. ಗ್ರಂಥ ಅಲ್ಲಿಗೆ ನಿಲ್ಲುತ್ತದೆ.

ಇದನ್ನು ಋಷಿವಾಕ್ಯವೆಂದು ಕಣ್ಣಿಗೊತ್ತಿಕೊಳ್ಳುವ ಮೊದಲು ಒಂದು ಸಂಗತಿ ತಿಳಿದಿರಲಿ. ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದಿದೆ. ಅದರಲ್ಲಿ 1973ರಲ್ಲಿ ಸಿಕ್ಕ ರೇಷ್ಮೆಯ ಪ್ರತಿಯಲ್ಲಿ ಗುವಾಗಳ ಅನುಕ್ರಮವೇ ಬೇರೆ. ಅದು ‘ಇನ್ನೂ ದಾಟಿಲ್ಲ’ಕ್ಕೆ ಮುಗಿಯುವುದಿಲ್ಲ. ಅದೇ ರೇಷ್ಮೆಯ ಪಠ್ಯಗಳಲ್ಲಿ ಕನ್‌ಫ್ಯೂಶಿಯಸ್ ಹೆಸರಿನಲ್ಲಿ ಒಂದು ವಿವರಣೆಯೂ ಸಿಕ್ಕಿದೆ. ಶಕುನಿಗರೂ ನಾನೂ ಒಂದೇ ದಾರಿಯಲ್ಲಿ ನಡೆಯುತ್ತೇವೆ, ತಲುಪುವ ಜಾಗ ಬೇರೆ. ನಾನು ಹುಡುಕುವುದು ಅದರಲ್ಲಿರುವ ಸದ್ಗುಣವನ್ನು ಎಂಬುದು ಅದರ ಭಾವ. ಕೊನೆಯ ಗುವಾವಾಗಿ ಅಪೂರ್ಣತೆಯನ್ನು ಇಟ್ಟದ್ದು ಯಾರದೋ ಆಯ್ಕೆ. ನಾನು ಅದನ್ನು ಓದುಗರ ಆಯ್ಕೆ ಎನ್ನುತ್ತೇನೆ, ಮತ್ತು ಒಳ್ಳೆಯ ಆಯ್ಕೆ ಎನ್ನುತ್ತೇನೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಯೀಜಿಂಗಿನ ‘ಜೀವನಸೂತ್ರ’ಗಳು ಮೊಬೈಲಿನಲ್ಲಿ ದಿನಕ್ಕೊಂದರಂತೆ ಬರುತ್ತವೆ. ತಾಳ್ಮೆಯಿಂದಿರು, ಧೈರ್ಯದಿಂದಿರು, ಬದಲಾವಣೆಯನ್ನು ಸ್ವೀಕರಿಸು. ಅಡಗಿದ ಡ್ರ್ಯಾಗನ್‌ಗೆ ಹೇಳಿದ ಮಾತನ್ನು ಹಾರುವ ಡ್ರ್ಯಾಗನ್‌ಗೆ ಹೇಳಿದರೆ ಅದು ಪಾಠವಾಗದು, ಅಪಚಾರವಾದೀತು. ಯಾರಿಗೆ, ಯಾವಾಗ, ಯಾವ ಮೆಟ್ಟಿಲಲ್ಲಿ ಎಂದು ಕೇಳದೆ ಹಂಚುವ ಸೂತ್ರಕ್ಕೂ ಆ ಗ್ರಂಥಕ್ಕೂ ಸಂಬಂಧವಿಲ್ಲ. ಕಡ್ಡಿಗಳಿಗೆ ಭವಿಷ್ಯ ಗೊತ್ತೆಂದು ನಾನು ನಂಬುವುದಿಲ್ಲ; ನೀವೂ ನಂಬಬೇಕಿಲ್ಲ. ಆದರೂ ಆ ಕಡ್ಡಿಗಳ ಮುಂದೆ ಕೂತವರಲ್ಲಿ ಕೆಲವರು ಕಲಿತ ಒಂದು ಶಿಸ್ತು ನಮಗೆ ಬೇಕು. ಕೆಟ್ಟ ಉತ್ತರ ಬಂದಾಗ ಅನುಮಾನಿಸುವುದು ಎಲ್ಲರಿಗೂ ಬರುತ್ತದೆ. ತನಗೆ ಅನುಕೂಲವಾದ ಉತ್ತರ ಬಂದಾಗ, ತಜ್ಞನೊಬ್ಬ ಅದನ್ನು ಖಚಿತಪಡಿಸಿದಾಗ, ಇದಕ್ಕೆ ನಾನು ಅರ್ಹನೇ ಎಂದು ನಿಲ್ಲಿಸಿ ಕೇಳುವುದು ಕಷ್ಟ. ಮು ಜಿಯಾಂಗ್ ಒಳ್ಳೆಯ ರಾಣಿಯಾಗಿರಲಿಲ್ಲ. ಆದರೆ ಆ ಕಥೆಯಲ್ಲಿ ಒಳ್ಳೆಯ ಓದುಗಾರ್ತಿ ಅವಳೊಬ್ಬಳೇ.